ಕಡ್ಡಿ ಕೇಳುವ ಚಟ

ಯಾರ ಬೇಲಿಯಲ್ಲಾದರೂ ಒಳ್ಳೆಯ ದಾಸವಾಳ ಕಂಡರೆ ನನ್ನ ಕಾಲು ಮುಂದಕ್ಕೆ ಹೋಗುವುದಿಲ್ಲ. "ಅಮ್ಮಾ, ಒಂದು ಕಡ್ಡಿ ಕೊಡ್ತೀರಾ?" ಎಂದು ಕೇಳಲು ನಾಚಿಕೆಯೂ ಇಲ್ಲ. ನಮ್ಮ ಮಲೆನಾಡಿನಲ್ಲಿ ಕಡ್ಡಿಗೆ ಇಲ್ಲ ಎಂದವರನ್ನು ನಾನು ಕಂಡಿಲ್ಲ. ಒಳಗೆ ಕರೆದು ಆಸರಿಗೆ ಬೇಕಾ ಎಂದೂ ಕೇಳುತ್ತಾರೆ.

ಮುಂಗಾರು ಹಿಡಿದ ಮೇಲೆ ಈ ಚಟಕ್ಕೆ ಕಸುವು. ಪೆನ್ಸಿಲ್ ದಪ್ಪದ, ತೀರಾ ಎಳೆಯದಲ್ಲದ ಕಡ್ಡಿ, 6ರಿಂದ 8 ಅಂಗುಲ ಉದ್ದವಿದ್ದರೆ ಸಾಕು. ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ತುದಿಯ ಒಂದೆರಡು ಎಲೆ ಉಳಿಸಿ, ಮರಳು ಬೆರೆಸಿದ ಮಣ್ಣಿಗೆ ಊರಿ ನೆರಳಲ್ಲಿಡಬೇಕು. ಬೇರು ಬಂತೇ ಎಂದು ಕಿತ್ತು ನೋಡಬಾರದು. ಚಿಗುರನ್ನೂ ನಂಬುವಂತಿಲ್ಲ, ಕಡ್ಡಿಯೊಳಗಿನ ಸತ್ವದಿಂದಲೇ ಚಿಗುರಿ, ಬೇರು ಬಿಡದೆ ಒಣಗುವುದೂ ಉಂಟು. ನರ್ಸರಿಯ ತಟ್ಟೆಯಗಲದ ಹೈಬ್ರಿಡ್‌ಗಳಲ್ಲಿ ಹಲವು ಇದಕ್ಕೆ ಬಗ್ಗುವುದಿಲ್ಲ, ಅವಕ್ಕೆ ಕಸಿಯೇ ಸರಿ. ನನಗಂತೂ ಅವುಗಳ ಮೋಹವಿಲ್ಲ. 1960ರಲ್ಲಿ ಮಲಯಾ (ಇಂದಿನ ಮಲೇಷ್ಯಾ) ರಾಷ್ಟ್ರಪುಷ್ಪವೆಂದು ಆರಿಸಿಕೊಂಡದ್ದೂ ಐದೆಸಳಿನ ಹಳೆಯ ಕೆಂಪನ್ನೇ. ಅದೊಂದು, ಬಿಳಿಯದೊಂದು ಇದ್ದರೆ ದೇವರಮನೆ, ಬಚ್ಚಲುಮನೆ, ಅಡುಗೆಮನೆ ಮೂರೂ ನಡೆಯುತ್ತವೆ.

ದಾಸವಾಳದ ಕುಟುಂಬದ ಬಂಡವಾಳವೇ ಲೋಳೆ. ಬೆಂಡೆ ಹೆಚ್ಚುವಾಗ ಬೆರಳಿಗೆ ಅಂಟುವಂಥದ್ದೇ ದಾಸವಾಳದ ಎಲೆಯಲ್ಲೂ ಇದೆ. ಎಲೆಯನ್ನು ನೀರಿನಲ್ಲಿ ಚೆನ್ನಾಗಿ ಕಿವುಚಿ ಸೋಸಿದರೆ ಗೊಂಪು ಸಿದ್ಧ. ಎಣ್ಣೆ ಹಚ್ಚಿದ ತಲೆಗೆ ತಿಕ್ಕಿದರೆ ಜಿಡ್ಡು ಬಿಡುತ್ತದೆ, ಕೂದಲು ನುಣುಪಾಗುತ್ತದೆ. ಬೋಳುತಲೆಯಲ್ಲಿ ಕೂದಲು ಬರಿಸುತ್ತದೆಂಬ ಮಾತಿಗೆ ಮಾತ್ರ ನನ್ನನ್ನು ಸಾಕ್ಷಿಗೆ ಕರೆಯಬೇಡಿ. ಬಿಳಿ ಹೂವಿನ ಎಸಳನ್ನು ಜೀರಿಗೆಯ ಜೊತೆ ತುಪ್ಪದಲ್ಲಿ ಬಾಡಿಸಿ, ಕಾಯಿತುರಿ ಸೇರಿಸಿ ರುಬ್ಬಿ, ಮಜ್ಜಿಗೆ ಬೆರೆಸಿದರೆ ತಂಬುಳಿ. ಬೇಸಿಗೆಯ ಮಧ್ಯಾಹ್ನ ಅದಿಲ್ಲದೆ ನನಗೆ ಅನ್ನ ಇಳಿಯುವುದಿಲ್ಲ. ಬಸುರಿಯರಿಗೆ ಈ ಹೂವು ಬೇಡ ಎಂದು ಹಿರಿಯರು ಹೇಳುತ್ತಿದ್ದರು; ನಾನೂ ಬಡಿಸುವುದಿಲ್ಲ.

ಪೇಟೆಯ ದಾಸವಾಳದ ಚಹಾದ ಕಥೆಯೇ ಬೇರೆ. ಆ ಹುಳಿಗೆಂಪು ನಮ್ಮ ಅಂಗಳದ ಹೂವಿನದಲ್ಲ, ಪುಂಡಿ ಜಾತಿಯ ಗಿಡದಲ್ಲಿ ಕಾಯಿಯನ್ನು ಸುತ್ತಿಕೊಂಡಿರುವ ದಪ್ಪ ಪುಷ್ಪಪಾತ್ರೆಯದು. ರಕ್ತದೊತ್ತಡ ತುಸು ಇಳಿಸುತ್ತದೆಂದು ಪ್ರಯೋಗಗಳಲ್ಲಿ ಕಂಡದ್ದೂ ಅದೇ. ಮಾತ್ರೆ ನುಂಗುವವರು ವೈದ್ಯರನ್ನು ಕೇಳಿ ಕುಡಿಯಲಿ. ಜೋಳದ ರೊಟ್ಟಿಗೆ ಪುಂಡಿಪಲ್ಯ ಹಚ್ಚಿ ತಿನ್ನುವ ಕಲಬುರಗಿಯವರಿಗೆ ಆ ಹುಳಿ ಹೊಸದೇನಲ್ಲ.

ಅಂಗಳದ ದಾಸವಾಳದ ಗಿಡಕ್ಕೆ ಶತ್ರು ಹಿಟ್ಟುತಿಗಣೆ. ಅದರ ಸಿಹಿಯಂಟಿಗೆ ಬರುವ ಇರುವೆಗಳೇ ಅದನ್ನು ಕಾಯುತ್ತವೆ. ಮೊದಲು ಇರುವೆಯ ದಾರಿ ತಪ್ಪಿಸಿ, ಆಮೇಲೆ ಸೋಪಿನ ನೀರಿಗೆ ಬೇವಿನೆಣ್ಣೆ ಬೆರೆಸಿ ಸಿಂಪಡಿಸಿ. ಆ ವಾರ ಮಾತ್ರ ತಂಬುಳಿಗೆ ಹೂವು ಕೊಯ್ಯಬೇಡಿ.