ನೇಂದ್ರಬಾಳೆಯನ್ನು ಅರಸುತ್ತ

ಬಾಳೆಹಣ್ಣನ್ನು ಅರಸಿಕೊಂಡು ನಾವು ಊರೂರು ತಿರುಗಿದೆವೆಂದರೆ ಉಡುಪಿಯ ಕಡೆಯ ವಾಚಕರು ನಗದೆ ಇರಲಾರರು. ಹಿತ್ತಲಿಗೆ ಹೋದರೆ ಬಾಳೆ, ಊಟಕ್ಕೆ ಕುಳಿತರೆ ಬಾಳೆ, ದೇವರ ಮುಂದೆ ಬಾಳೆ, ಮದುವೆಯ ಚಪ್ಪರದ ಕಂಬಕ್ಕೂ ಬಾಳೆ. ಇಂತಹ ಸೀಮೆಯಲ್ಲಿ ಬಾಳೆಗೆ ಬರವೆ? ಆದರೆ ನಮಗೆ ಬೇಕಾಗಿದ್ದುದು ಯಾವುದೋ ಒಂದು ಬಾಳೆಯಲ್ಲ. ಅದು ನೇಂದ್ರವಾಗಿರಬೇಕು; ಹಣ್ಣಾಗಿರಬೇಕು; ಸಿಪ್ಪೆಯ ಮೇಲೆ ಕಪ್ಪು ಮಚ್ಚೆಗಳು ಮೂಡಿರಬೇಕು; ಆದರೂ ಒಳಗಿನ ತಿರುಳು ಬೆರಳೊತ್ತಿದರೆ ಕುಸಿಯಬಾರದು. ಅದೂ ಶನಿವಾರ ಸಂಜೆಯೊಳಗೆ ದೊರೆಯಬೇಕು. ಇಷ್ಟೊಂದು ನಿಬಂಧನೆಗಳೇಕೆ ಎಂಬುದನ್ನು ಮೊದಲು ಅರಿಕೆಮಾಡುತ್ತೇವೆ.

ನಮ್ಮ ವಾಸ ಮಣಿಪಾಲದಲ್ಲಿ. ಹಿಂದೆ ಬೋಳುಗುಡ್ಡವಾಗಿದ್ದ ಈ ಎಡೆಯಲ್ಲಿ ಡಾಕ್ಟರ್ ಟಿ. ಎಂ. ಎ. ಪೈಯವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದ ತರುವಾಯ, ದೇಶವಿದೇಶಗಳ ವಿದ್ಯಾರ್ಥಿಗಳು ಇಲ್ಲಿಗೆ ಬರುವುದು ವಾಡಿಕೆಯಾಗಿ ಹೋಗಿದೆ. ನಮ್ಮ ಮನೆಯ ಮಹಡಿಯ ಕೋಣೆಯಲ್ಲಿಯೂ ಘಾನಾ ದೇಶದ ತರುಣನೊಬ್ಬನು ಎರಡು ವರ್ಷಗಳಿಂದ ಇದ್ದನು. ಮಿತಭಾಷಿ, ಓದುಗಾರ. ಕಳೆದ ಕಾರ್ತಿಕದಲ್ಲಿ ಒಂದು ಸಂಜೆ ಅವನು ನಾಲ್ಕು ಬಾಳೆಹಣ್ಣುಗಳನ್ನು ಹಿಡಿದುಕೊಂಡು ಹಿಂಬಾಗಿಲಲ್ಲಿ ನಿಂತು, ಹತ್ತು ನಿಮಿಷಗಳ ಮಟ್ಟಿಗೆ ಒಲೆಯನ್ನು ಕೊಡಲಾದೀತೇ ಎಂದು ಕೇಳಿದನು. ನಮ್ಮ ಅಡಿಗೆಮನೆಗೆ ನೀರುಳ್ಳಿ ಬೆಳ್ಳುಳ್ಳಿಗಳ ಪ್ರವೇಶವಿಲ್ಲವೆಂದು ನಾವು ಉತ್ತರ ಕೊಟ್ಟೆವು. ಅವನ ಕೈಯಲ್ಲಿ ನೀರುಳ್ಳಿಯೂ ಇರಲಿಲ್ಲ, ಬೆಳ್ಳುಳ್ಳಿಯೂ ಇರಲಿಲ್ಲ. ಅವನು ಒಮ್ಮೆ ಹಣ್ಣುಗಳ ಕಡೆ ನೋಡಿ, “ಆಗಲಿ ಸರ್” ಎಂದಷ್ಟೇ ಹೇಳಿ ಮಹಡಿ ಹತ್ತಿದನು. ಅಂದಿನಿಂದ ತಿಂಗಳ ಮೊದಲ ದಿನ ಬಾಡಿಗೆಯನ್ನು ಜಗಲಿಯ ಮೇಲಿಟ್ಟು ಹೋಗುವನೇ ಹೊರತು ಹೊಸಲನ್ನು ದಾಟಲಿಲ್ಲ. ‘ಅತಿಥಿ’ ಶಬ್ದದ ವ್ಯುತ್ಪತ್ತಿಯನ್ನು ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಹೇಳಿಕೊಟ್ಟವರು ನಾವು.

ಈಗ ಅವನ ವ್ಯಾಸಂಗ ಮುಗಿದು, ಬರುವ ಆದಿತ್ಯವಾರ ಸ್ವದೇಶಕ್ಕೆ ಹೊರಡುವುದೆಂದು ನಿಶ್ಚಯವಾಯಿತು. ಆ ಸುದ್ದಿ ತಿಳಿದ ಮಂಗಳವಾರ ರಾತ್ರಿ ನಮ್ಮ ಮನೆಯವರು ಬಡಿಸುತ್ತ ಬಡಿಸುತ್ತ, “ಆ ಹುಡುಗ ಅಂದು ಒಲೆ ಕೇಳಿದ್ದನಲ್ಲ?” ಎಂದರು. ಅವರು ಮರೆತಿರಬಹುದೆಂದು ನಾವು ಭಾವಿಸಿದ್ದೆವು. ಊಟವಾದ ಮೇಲೆ ನಾವೇ ಮಹಡಿ ಹತ್ತಿದೆವು. ಎರಡು ವರ್ಷಗಳಲ್ಲಿ ಅದೇ ಮೊದಲನೆಯ ಸಲ.

ಅವನಿಗೆ ಬೇಕಾಗಿದ್ದ ಪದಾರ್ಥದ ಹೆಸರು ‘ಕೆಲೆವೆಲೆ.’ ಘಾನಾದ ರಾಜಧಾನಿಯಾದ ಆಕ್ರಾ ಪಟ್ಟಣದಲ್ಲಿ ಹೊತ್ತು ಮುಳುಗಿದೊಡನೆ ಹೆಂಗಸರು ಬೀದಿಯ ಬದಿಯಲ್ಲಿ ಒಲೆ ಹೂಡಿ, ಹಣ್ಣಾದ ಅಡಿಗೆಬಾಳೆಯನ್ನು ತುಂಡುಮಾಡಿ, ಶುಂಠಿ ಮೆಣಸು ಉಪ್ಪುಗಳನ್ನು ಹಚ್ಚಿ ಕರಿದು, ಹುರಿದ ನೆಲಗಡಲೆಯೊಡನೆ ಮಾರುತ್ತಾರಂತೆ. ಕೆಲವರು ಲವಂಗವನ್ನೂ ಸೇರಿಸುವುದುಂಟು. ನೀರುಳ್ಳಿ ಹಾಕುವವರಿದ್ದಾರೆ, ಹಾಕದಿದ್ದರೆ ಲೋಪವಿಲ್ಲ. ಆದರೆ ಹಣ್ಣಿನ ವಿಷಯದಲ್ಲಿ ಮಾತ್ರ ಅವನು ಹಠವಾದಿ. ಅಂದು ತಂದಿದ್ದ ಹಣ್ಣು ಯಾವುದೆಂದು ಕೇಳಲಾಗಿ, ಉದ್ದವಾದ ಕೋನಗಳುಳ್ಳ ಹಣ್ಣೆಂದು ಕೈಯಿಂದ ತೋರಿಸಿದನು. ಅದು ನೇಂದ್ರವೆಂದು ನಮಗೆ ತಿಳಿಯಿತು. ಮೇಲೆ ಹೇಳಿದ ನಿಬಂಧನೆಗಳೆಲ್ಲ ಅವನವು.

ಬುಧವಾರ ಉಡುಪಿಗೆ ಇಳಿದೆವು. ಬಾಳೆಗೆ ಈ ಊರಿನಲ್ಲಿರುವ ಮರ್ಯಾದೆ ಮತ್ತೆಲ್ಲಿಯೂ ಇರಲಾರದು. ಎರಡು ವರ್ಷಗಳಿಗೊಮ್ಮೆ ಜನವರಿ 18ರಂದು ಶ್ರೀಕೃಷ್ಣನ ಪೂಜಾಧಿಕಾರವು ಅಷ್ಟಮಠಗಳಲ್ಲಿ ಒಂದರಿಂದ ಮತ್ತೊಂದಕ್ಕೆ ಸಲ್ಲುವ ಪರ್ಯಾಯೋತ್ಸವವನ್ನು ಎಲ್ಲರೂ ಬಲ್ಲರು. ಆದರೆ ಅದಕ್ಕೆ ಸುಮಾರು ಒಂದು ವರ್ಷ ಮುಂಚಿತವಾಗಿಯೇ ಸಿದ್ಧತೆ ತೊಡಗುವುದೆಂಬುದು ದೂರದವರಿಗೆ ತಿಳಿಯದು. ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ ಎಂದು ನಾಲ್ಕು ಮುಹೂರ್ತಗಳು. ಅವುಗಳಲ್ಲಿ ಮೊದಲನೆಯದು ಬಾಳೆಯದು. ಸಹಸ್ರಾರು ಜನರಿಗೆ ಅನ್ನವಿಕ್ಕಬೇಕಾದವರು ಮೊದಲು ಎಲೆಯನ್ನು ಯೋಚಿಸಿ ಬಾಳೆಯ ಗಿಡ ನೆಡುತ್ತಾರೆ. ಅನ್ನದ ಯೋಚನೆ ತರುವಾಯ! ಒಂದು ವರ್ಷದ ಆಚೆಗಿನ ಅತಿಥಿಗೋಸ್ಕರ ಇಂದು ಗಿಡ ನೆಡುವ ಊರಿನ ಮಗ್ಗುಲಲ್ಲಿಯೇ ಇದ್ದು ನಾವು ಹತ್ತು ನಿಮಿಷದ ಒಲೆಯನ್ನು ಕೊಡಲಾರದೆ ಹೋದೆವಲ್ಲವೆ ಎಂದು ರಥಬೀದಿಯಲ್ಲಿ ನಡೆಯುತ್ತಿದ್ದಾಗ ಮನಸ್ಸಿಗೆ ಬಂದಿತು.

ಅಂಗಡಿಗಳಲ್ಲಿ ಪುಟ್ಟಬಾಳೆಯ ಗೊನೆಗಳು ತೂಗುತ್ತಿದ್ದುವು. ನೇಂದ್ರವೂ ಇದ್ದಿತು, ಆದರೆ ಒಂದೋ ಗಿಳಿಹಸುರು, ಇಲ್ಲವೇ ಹಲ್ವಕ್ಕೆ ಮಾತ್ರ ಯೋಗ್ಯವಾದಷ್ಟು ಕೊಳೆತದ್ದು. “ನಡುವಿನದು ಇಲ್ಲವೆ?” ಎಂದು ಕೇಳಿದರೆ, “ಮಾಸ್ಟ್ರೇ, ನಡುವಿನದು ಬರುವಾಗಲೇ ಖಾಲಿ” ಎಂದು ಅಂಗಡಿಯವನು ನಕ್ಕನು.

ಗುರುವಾರ ಕಾಪುವಿಗೆ ಹೋದೆವು. ಉಡುಪಿಯಿಂದ ದಕ್ಷಿಣಕ್ಕೆ ಹದಿಮೂರು ಕಿಲೋಮೀಟರು. ಉದ್ಯಾವರ, ಕಟಪಾಡಿಗಳನ್ನು ದಾಟಿದರೆ ಆಯಿತು. ಅಲ್ಲಿ ನಮ್ಮ ತಂಗಿಯ ಮನೆಯ ಹಿತ್ತಲಲ್ಲಿ ನೇಂದ್ರದ ಬುಡಗಳಿವೆ. ಗೊನೆಯೇನೋ ಇದ್ದಿತು, ಕಾಯಿ ಮಾತ್ರ ಇನ್ನೂ ಬಲಿತಿರಲಿಲ್ಲ. “ಅಣ್ಣಾ, ಹದಿನೈದು ದಿನ ಮೊದಲೇ ಹೇಳಬಾರದಿತ್ತೇ?” ಎಂದು ತಂಗಿ ನೊಂದುಕೊಂಡು, ಬಂದವರನ್ನು ಬರಿಗೈಯಲ್ಲಿ ಕಳುಹಿಸಲಾರದೆ ಎರಡು ಕಾಯಿ ಕೊಯ್ದು ಪೋಡಿ ಮಾಡಿದಳು. ಕೈಗೆ ಎಣ್ಣೆ ಸವರಿಕೊಂಡು ಸಿಪ್ಪೆ ಹೆರೆದಳು. ಇಲ್ಲವಾದರೆ ಬಾಳೆಯ ಸೊನೆ ಕೈಗೆ ಹತ್ತಿ ಕಪ್ಪಾಗುತ್ತದೆ. ನೀಳವಾಗಿ ತೆಳ್ಳಗೆ ಸೀಳಿ, ಮೆಣಸಿನ ಹುಡಿ, ಇಂಗು, ಉಪ್ಪು ಕೂಡಿಸಿದ ಕಡಲೆಹಿಟ್ಟಿನಲ್ಲಿ ಅದ್ದಿ ಕಾದ ತೆಂಗಿನೆಣ್ಣೆಗೆ ಬಿಟ್ಟಳು. ಕೊಂಕಣಿ ಮಾತನಾಡುವ ಮನೆಗಳಲ್ಲಿ ಇದೇ ಬಾಳೆಕಾಯಿಗೆ ಹಿಟ್ಟಿನ ಹೊದಿಕೆಯಿಲ್ಲದೆ, ಮೆಣಸು ಇಂಗುಗಳನ್ನು ಹಚ್ಚಿ ಅಕ್ಕಿಹಿಟ್ಟಿನಲ್ಲೋ ರವೆಯಲ್ಲೋ ಹೊರಳಿಸಿ ‘ಫೋಡಿ’ ಮಾಡುತ್ತಾರೆ. ಘಾನಾದ ಪದ್ಧತಿಗೆ ಅದು ಒಂದು ಹೆಜ್ಜೆ ಸಮೀಪ.

ಪೋಡಿಯನ್ನು ಕಟ್ಟಿಸಿಕೊಂಡು ಸಮುದ್ರತೀರಕ್ಕೆ ಹೋಗಿ, 1901ರಲ್ಲಿ ಬಂಡೆಯ ಮೇಲೆ ಕಟ್ಟಿದ ದೀಪಸ್ತಂಭದ ಬುಡದಲ್ಲಿ ಕುಳಿತೆವು. ಆ ತರುಣನ ಊರೂ ಕಡಲ ತಡಿಯದೇ. ಕೈಯಲ್ಲಿದ್ದ ಪೋಡಿಯಿಂದ ಯೋಚನೆ ಬಾಳೆಯ ಜನ್ಮವೃತ್ತಾಂತದ ಕಡೆಗೆ ಹರಿಯಿತು. ಅಮರಸಿಂಹನು ಹೇಳುವ ಕದಲೀ, ರಂಭಾ, ಮೋಚಾ ಎಂಬ ಹೆಸರುಗಳನ್ನು ಬಾಯಿಪಾಠ ಮಾಡಿದವರಿಗೆ ಈ ಗಿಡ ನಮ್ಮದೇ ಎಂಬ ಅಭಿಮಾನವಿರುವುದು ಸಹಜ. ಆದರೆ ಸಸ್ಯಶಾಸ್ತ್ರಜ್ಞರು ಬೇರೆ ಮಾತನ್ನಾಡುತ್ತಾರೆ. ಆಗ್ನೇಯ ಏಷ್ಯದ ಮತ್ತು ನ್ಯೂಗಿನಿಯ ಕಡೆಯ ಕಾಡುಬಾಳೆಗಳನ್ನು ಮನುಷ್ಯರು ಒಕ್ಕಲುಮಾಡಿದರು; ಅವು ಬೇರೊಂದು ಕಾಡುಜಾತಿಯೊಡನೆ ಬೆರೆತು ಹುಟ್ಟಿದ ಮಿಶ್ರತಳಿಗಳಲ್ಲಿ ಒಂದು ಶಾಖೆ ಅಡಿಗೆಬಾಳೆ. ಅದು ಬಹು ಪುರಾತನ ಕಾಲದಲ್ಲಿಯೇ ಆಫ್ರಿಕೆಯನ್ನು ಸೇರಿ ಪಶ್ಚಿಮತೀರದವರೆಗೂ ಹಬ್ಬಿತು. ನಮ್ಮ ನೇಂದ್ರವೂ ಆ ಶಾಖೆಯದೇ. ಹುಡುಗನು ಸಿಪ್ಪೆಯ ಕೋನವನ್ನು ನೋಡಿ ತನ್ನೂರಿನ ಹಣ್ಣೆಂದು ಗುರುತಿಸಿದುದರಲ್ಲಿ ತಪ್ಪಿರಲಿಲ್ಲ. ಅದು ದಾಯಾದಿಯ ಮುಖವನ್ನು ಗುರುತಿಸಿದಂತೆಯೇ ಸರಿ.

ಈ ಮಾತನ್ನು ಕೇಳಿದ ನಮ್ಮ ಕೊಂಕಣಿ ಮಿತ್ರರೊಬ್ಬರು, ಕೊಂಕಣಿಯಲ್ಲಿ ಬಾಳೆಹಣ್ಣಿಗೆ ‘ಕೆಳೆಂ’ ಎನ್ನುವುದರಿಂದ ‘ಕೆಲೆವೆಲೆ’ಯೂ ತಮ್ಮದೇ ಎಂದು ವಾದಿಸಿದರು. ಕೆಳೆಂ ಎಂಬುದು ಕದಲೀ ಶಬ್ದದ ಸಂತಾನ. ಕೆಲೆವೆಲೆಗೆ ಅದರೊಡನೆ ಸಂಬಂಧವಿಲ್ಲ. ಶಬ್ದಸಾಮ್ಯವನ್ನು ನೆಚ್ಚಿ ವಂಶವೃಕ್ಷ ಬರೆಯುವ ಚಪಲ ನಮಗೂ ಒಂದು ಕಾಲದಲ್ಲಿ ಇದ್ದಿತು.

ಶುಕ್ರವಾರ ಕಾರ್ಕಳಕ್ಕೆ ಪ್ರಯಾಣ. ಪರ್ಕಳ, ಹಿರಿಯಡ್ಕ, ಬೈಲೂರುಗಳ ಮೇಲಿಂದ ಬಸ್ಸು ಏರುತ್ತ ಇಳಿಯುತ್ತ ಸಾಗಿದಂತೆ ಕಡಲ ಗಾಳಿ ಹಿಂದುಳಿದು, ಅಡಕೆತೋಟಗಳೂ ಕರಿಬಂಡೆಯ ಗುಡ್ಡಗಳೂ ಎದುರಾಗುತ್ತವೆ. 1432ರಲ್ಲಿ ವೀರಪಾಂಡ್ಯನು ನಿಲ್ಲಿಸಿದ 42 ಅಡಿಗಳ ಗೊಮ್ಮಟನು ಬಂಡೆಯ ನೆತ್ತಿಯ ಮೇಲೆ ಕಾಣಿಸಿಕೊಂಡನು. ಎಲ್ಲವನ್ನೂ ತೊರೆದು ನಿಂತ ಆ ಮಹಾಪುರುಷನ ಊರಿಗೆ ಕರಿದ ತಿಂಡಿಯ ಸಲುವಾಗಿ ಬಂದೆವಲ್ಲ ಎಂದು ನಾಚಿಕೆಯಾಯಿತು. ಈ ಸಲ ಬೆಟ್ಟ ಹತ್ತಲಿಲ್ಲ. ಎದುರಿನ ಚತುರ್ಮುಖ ಬಸದಿಯನ್ನೂ ದೂರದಿಂದಲೇ ನೋಡಿ ಮುಂದೆ ನಡೆದೆವು.

ಊರಾಚೆ ನಮ್ಮ ಹಳೆಯ ಶಿಷ್ಯನೊಬ್ಬನ ತೋಟವಿದೆ. ಶಾಲೆಯಲ್ಲಿ ವಿಭಕ್ತಿಪ್ರತ್ಯಯಗಳು ಒಲಿಯದ ಆ ಮಹಾಶಯನಿಗೆ ಬಾಳೆಯ ಸಪ್ತವಿಭಕ್ತಿಗಳೂ ಕರತಲಾಮಲಕವಾಗಿವೆ. ಬಲಿತ ಗೊನೆಯ ಚಿಪ್ಪುಗಳನ್ನು ಬಿಡಿಸಿ, ಬೈಹುಲ್ಲಿನಲ್ಲಿ ಸುತ್ತಿ, ಗೋಣಿ ಹೊದಿಸಿ ಕತ್ತಲೆ ಕೋಣೆಯಲ್ಲಿಟ್ಟಿದ್ದನು. ಬಾಳೆ ಹಣ್ಣಾಗುವಾಗ ಒಳಗಿನ ಪಿಷ್ಟವು ಸಕ್ಕರೆಯಾಗಿ ಮಾರ್ಪಡುತ್ತದೆ. ಹಣ್ಣಿನಿಂದ ಹೊರಡುವ ವಾಯುವೇ ಪಕ್ಕದ ಕಾಯಿಯನ್ನೂ ಹಣ್ಣು ಮಾಡುತ್ತದೆ. ಹೊದಿಕೆಯು ಆ ವಾಯುವನ್ನು ಹೊರಗೆ ಬಿಡದೆ ಹಿಡಿದಿಡುತ್ತದೆ. ಅವನು ಗೋಣಿ ಸರಿಸಿ, ಒಂದೊಂದನ್ನೇ ಒತ್ತಿ ನೋಡಿ ಎಂಟು ಹಣ್ಣುಗಳನ್ನು ಆರಿಸಿ, “ಇವು ನಾಳೆ ಸಂಜೆಗೆ ಸರಿಯಾಗುತ್ತವೆ, ಇಂದು ಬೇಡ” ಎಂದನು. ಹಣ ಕೊಡಹೋದರೆ ಕೈ ಹಿಂದೆಗೆದುಕೊಂಡನು. ಬಸ್ಸಿನಲ್ಲಿ ಚೀಲವನ್ನು ಕೂಸಿನಂತೆ ಮಡಿಲಲ್ಲಿಟ್ಟುಕೊಂಡು ಮಣಿಪಾಲಕ್ಕೆ ಮರಳಿದೆವು.

ಶನಿವಾರ ಸಂಜೆ ಐದು ಗಂಟೆಗೆ ತರುಣನು ಹಿಂಬಾಗಿಲಲ್ಲಿ ಬಂದು ನಿಂತನು. ನಮ್ಮ ಮನೆಯವರು, “ಅಲ್ಲಿ ಯಾಕೆ ಮಗಾ, ಮುಂದಿನಿಂದ ಬಾ” ಎಂದರು. ಅವನು ಮನೆಯನ್ನು ಸುತ್ತಿ ಮುಂಬಾಗಿಲಿನಿಂದ ಒಳಗೆ ಬಂದನು.

ಗೃಹಿಣಿಯರ ಉಪಯೋಗಕ್ಕಾಗಿ ಕ್ರಮವನ್ನು ವಿವರಿಸುತ್ತೇವೆ. ನಾಲ್ಕು ಹಣ್ಣಿಗೆ ಒಂದು ಅಂಗುಲ ಹಸಿಶುಂಠಿ, ನಾಲ್ಕು ಒಣಮೆಣಸಿನಕಾಯಿ, ಮೂರು ಲವಂಗ, ಒಂದು ಚಿಟಿಕೆ ಸೋಂಪು, ರುಚಿಗೆ ಉಪ್ಪು. ಇವನ್ನು ಎರಡು ಚಮಚ ನೀರಿನಲ್ಲಿ ನುಣ್ಣಗೆ ಅರೆಯಬೇಕು; ತರಿಯಾಗಿ ಉಳಿದರೆ ಮೆಣಸಿನ ಚೂರು ಎಣ್ಣೆಯಲ್ಲಿ ಸೀದು ಕಹಿಯಾಗುತ್ತದೆ. ಹಣ್ಣನ್ನು ಸುಲಿದು ಉದ್ದಕ್ಕೆ ಸೀಳಿ, ಓರೆಯಾಗಿ ಹೆಬ್ಬೆರಳ ತುದಿಯಷ್ಟು ತುಂಡುಮಾಡಿ, ಅರೆದುದನ್ನು ಹಗುರಾಗಿ ಹಚ್ಚಿ ಹತ್ತು ನಿಮಿಷ ಬಿಡಬೇಕು. ಇಷ್ಟಾದೊಡನೆ ನಮ್ಮ ಮನೆಯವರು ಅಭ್ಯಾಸಬಲದಿಂದ ಕಡಲೆಹಿಟ್ಟಿನ ಡಬ್ಬಿಯನ್ನು ತೆರೆದರು. “ಅಮ್ಮಾ, ಹಿಟ್ಟು ಬೇಡ” ಎಂದು ಅವನು ಕನ್ನಡದಲ್ಲಿಯೇ ಹೇಳಿದನು. “ಹಿಟ್ಟಿಲ್ಲದೆ ಎಣ್ಣೆಗೆ ಹಾಕುವುದೇ? ಉರಿದುಹೋದೀತು” ಎಂದು ಅವರಿಗೆ ದಿಗಿಲು. ಮೊದಲನೆಯ ಸರದಿ ಉರಿದೂ ಹೋಯಿತು. ತಪ್ಪು ನಮ್ಮದು, ಎಣ್ಣೆಯನ್ನು ಹೊಗೆಯಾಡುವವರೆಗೆ ಕಾಯಿಸಿದ್ದೆವು. ಹಣ್ಣಿನ ಸಕ್ಕರೆ ಬೇಗನೆ ಕಪ್ಪಾಗುವುದರಿಂದ ಎಣ್ಣೆಯು, ಒಂದು ತುಂಡನ್ನು ಬಿಟ್ಟರೆ ಅದು ಕೂಡಲೇ ನೊರೆಗಟ್ಟಿ ಮೇಲೇಳುವಷ್ಟು ಮಾತ್ರ ಕಾದಿರಬೇಕು. ಒಮ್ಮೆಗೆ ಹತ್ತು ಹನ್ನೆರಡು ತುಂಡು ಸಾಕು. ಹೆಚ್ಚಾದರೆ ಎಣ್ಣೆ ತಣಿದು ತುಂಡುಗಳು ಅದನ್ನು ಕುಡಿಯುತ್ತವೆ. ಹೊರಮೈ ಗಟ್ಟಿಯಾಗುವವರೆಗೆ ಸೌಟು ಆಡಿಸಬಾರದು. ಕೆಂಪು ಬಣ್ಣ ತಿರುಗಿ ಅಂಚು ಕಂದಾದಾಗ ತೆಗೆಯುವುದು.

ಎರಡನೆಯ ಸರದಿ ಸೊಗಸಾಗಿ ಬಂದಿತು. ಹೊರಗೆ ಖಾರದ ಗರಿಮೆ, ಒಳಗೆ ಬೆಣ್ಣೆಯಂತಹ ಸಿಹಿ, ನಡುವೆ ಲವಂಗದ ಪರಿಮಳ. ಕಳಿತ ಹಣ್ಣನ್ನು ಮೈದಾದಲ್ಲಿ ನಾದಿ ಬನ್ಸ್ ಮಾಡುವ ನಾವು ಸಿಹಿಯ ಮೇಲೆ ಖಾರವನ್ನು ಹಚ್ಚುವ ಯೋಚನೆಯನ್ನೇ ಮಾಡಿರಲಿಲ್ಲ.

ತಿನ್ನುತ್ತ ನಾವು ನಮ್ಮ ಪಾಂಡಿತ್ಯವನ್ನು ಬಿಚ್ಚಿದೆವು. ಬಾಳೆ ಏಷ್ಯದಿಂದ ಹೋದದ್ದು, ಶುಂಠಿಯೂ ಹಾಗೆಯೇ, ಲವಂಗ ಮೊಲುಕ್ಕ ದ್ವೀಪಗಳದು, ಮೆಣಸಿನಕಾಯಿ ನೆಲಗಡಲೆಗಳು ಅಮೆರಿಕೆಯವು ಎಂದು ವಿವರಿಸಲಾಗಿ, ಅವನು ನಗುತ್ತ, “ಹಾಗಾದರೆ ನಮ್ಮದು ಏನು ಉಳಿಯಿತು ಸರ್?” ಎಂದನು. ನಾವು ಉತ್ತರಕ್ಕೆ ತಡಕಾಡುತ್ತಿರುವಷ್ಟರಲ್ಲಿ ನಮ್ಮ ಮನೆಯವರು, “ನಿಮ್ಮ ತಂಗಿಯ ಪೋಡಿಯಲ್ಲಿದ್ದ ಮೆಣಸು ಯಾರದು?” ಎಂದು ಕೇಳಿದರು. ನಿಜವೇ. ಪೋರ್ಚುಗೀಸರು ಕಡಲದಾರಿಯಲ್ಲಿ ಅದನ್ನು ತರುವ ಮುನ್ನ ನಮ್ಮ ಕರಾವಳಿಗೆ ಗೊತ್ತಿದ್ದುದು ಒಳ್ಳೆಮೆಣಸೊಂದೇ. ಅದರ ಹೆಸರನ್ನೇ ಹೊಸ ಕಾಯಿಗೆ ಕೊಟ್ಟುಬಿಟ್ಟೆವು. ಅದೇ ಪೋರ್ಚುಗೀಸರು 1482ರಲ್ಲಿ ಘಾನಾದ ತೀರದ ಎಲ್ಮಿನಾದಲ್ಲಿ ಕೋಟೆ ಕಟ್ಟಿದ್ದರು. ಆ ಕೋಟೆಯನ್ನು ಶಾಲೆಯ ಮಕ್ಕಳೊಡನೆ ನೋಡಿದ್ದೇನೆಂದು ಅವನು ಹೇಳಿದನು. ತರುವಾಯದ ಶತಮಾನಗಳಲ್ಲಿ ಗುಲಾಮರನ್ನು ಹಡಗಿಗೆ ಹತ್ತಿಸಿದ ಬಾಗಿಲು ಅಲ್ಲಿ ಇನ್ನೂ ಇದೆಯಂತೆ. ಬಹಳ ಇಕ್ಕಟ್ಟಾದ ಬಾಗಿಲಂತೆ. ಅಷ್ಟು ಹೇಳಿ ಅವನು ತಟ್ಟೆಯ ಕಡೆ ನೋಡಿದನು. ನಾವು ಹೆಚ್ಚೇನೂ ಕೇಳಲಿಲ್ಲ.

ನಾಲ್ಕು ಹಣ್ಣುಗಳು ಉಳಿದಿದ್ದುವು. ಆದಿತ್ಯವಾರ ಬೆಳಿಗ್ಗೆ ನಮ್ಮ ಮನೆಯವರು ಅವನನ್ನು ಕರೆಯದೆ ತಾವೇ ಅರೆದು, ಹಿಟ್ಟಿಲ್ಲದೆ ಕರಿದು, ಬಾಳೆಯೆಲೆಯಲ್ಲಿ ಕಟ್ಟಿ ದಾರಿಗೆಂದು ಕೊಟ್ಟರು. ಬಜಪೆಯ ವಿಮಾನನಿಲ್ದಾಣಕ್ಕೆ ಹೋಗುವ ಕಾರು ಗೇಟಿನ ಬಳಿ ನಿಂತಿದ್ದಿತು. ಅವನು ಪೊಟ್ಟಣವನ್ನು ಮೂಗಿನ ಬಳಿ ಹಿಡಿದು, “ಲವಂಗ ಒಂದು ಹೆಚ್ಚಾಯಿತು, ಅಮ್ಮಾ” ಎಂದನು.