ಗ್ರೀಸು ಹತ್ತಿದ ಕೈ

ನಮ್ಮ ಜೇವರ್ಗಿ ಕಡೆ ಗಂಡಸಿನ ಕೈಗೆ ಗ್ರೀಸು ಹತ್ತಿದರೆ ಅದು ದುಡಿಮೆ. ಹೆಣ್ಣುಮಗಳ ಕೈಗೆ ಹತ್ತಿದರೆ ಅದು ಮನೆತನದ ಪ್ರಶ್ನೆ. ನನ್ನ ಅಣ್ಣನ ಮಗಳು ಎಸ್ಸೆಸ್ಸೆಲ್ಸಿ ಮುಗಿಸಿ, ಐ.ಟಿ.ಐ. ಸೇರಿ ಮೋಟಾರು ಮೆಕ್ಯಾನಿಕ್ ಕೆಲಸ ಕಲಿಯುತ್ತೇನೆಂದು ಹಟ ಹಿಡಿದಾಗ ಇದು ನನಗೆ ಚೆನ್ನಾಗಿ ತಿಳಿಯಿತು. ನರ್ಸಿಂಗ್ ಮಾಡು, ಟೀಚರ್ ಆಗು ಎಂದು ಅಣ್ಣ ಹೇಳಿ ಸೋತ. ವೈನಿ ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಕೊನೆಗೆ ಬುದ್ಧಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ಕಕ್ಷರ ಓದಿದ ಅತ್ತೆ ಒಬ್ಬಳು ಮನೆಯಲ್ಲಿದ್ದರೆ ಇಂಥ ಕೆಲಸಗಳೆಲ್ಲ ಅವಳನ್ನೇ ಹುಡುಕಿಕೊಂಡು ಬರುತ್ತವೆಂದು ನಿಮಗೂ ಗೊತ್ತು.

"ಅತ್ತಿ, ನೀ ಬೈಯೂಕಿಂತ ಮೊದಲ ಇದನ್ನೊಮ್ಮೆ ನೋಡು" ಎಂದು ಹುಡುಗಿ ಮೊಬೈಲನ್ನು ನನ್ನ ಕೈಗಿತ್ತಳು. ಅದರಲ್ಲಿ ಕಾರುಗಳ ಪಂದ್ಯ. ಫ್ರಾನ್ಸ್ ದೇಶದ ಲೆ ಮಾನ್ ಎಂಬ ಊರಿನಲ್ಲಿ 1923ರಲ್ಲಿ ಶುರುವಾದದ್ದಂತೆ. ಸುಮಾರು ಹದಿಮೂರೂವರೆ ಕಿಲೋಮೀಟರಿನ ದಾರಿಯನ್ನು ಹಗಲು ರಾತ್ರಿ 24 ತಾಸು ಸುತ್ತುತ್ತಲೇ ಇರಬೇಕು. ಈಗೆಲ್ಲ ಒಂದು ಕಾರಿಗೆ ಮೂವರು ಚಾಲಕರು, ಸರದಿಯ ಮೇಲೆ ಕೂರುತ್ತಾರೆ. ಒಬ್ಬರೇ ಒಟ್ಟು 14 ತಾಸಿಗಿಂತ ಹೆಚ್ಚು ನಡೆಸುವಂತಿಲ್ಲ. ನಡುನಡುವೆ ಗಾಡಿ ಬದಿಗೆ ಬಂದಾಗ ಎಣ್ಣೆ ಹಾಕುವವರು, ಗಾಲಿ ಬದಲಿಸುವವರು, ಬ್ರೇಕು ನೋಡುವವರು ನಿದ್ದೆಗೆಟ್ಟು ಕಾದಿರುತ್ತಾರೆ. 24 ತಾಸಿನಲ್ಲಿ ಯಾರು ಹೆಚ್ಚು ದೂರ ಹೋದರೋ ಅವರದೇ ಗೆಲುವು. ಬಾಣದಂತೆ ಓಡಿದ ಗಾಡಿ ಬೆಳಗಿನ ಜಾವ ಕೆಟ್ಟು ನಿಂತರೆ ಆ ಓಟಕ್ಕೆ ಬೆಲೆಯಿಲ್ಲ.

ನೋಡುತ್ತ ನೋಡುತ್ತ ನನಗೆ ನಮ್ಮ ತೊಗರಿ ರಾಶಿ ನೆನಪಾಯಿತು. ಸುಗ್ಗಿಯಲ್ಲಿ ರಾಶಿ ಮಷಿನ್ನು ಒಂದು ಹೊಲ ಮುಗಿಸಿ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತದೆ. ನಡುರಾತ್ರಿ ಬೆಲ್ಟು ಹರಿದರೆ ಕಲಬುರಗಿಯಿಂದ ಮಿಸ್ತ್ರಿ ಬರುವವರೆಗೆ ಕಾಯುವವರಾರು? ನಡೆಸುವವನೇ ಬ್ಯಾಟರಿ ಹಿಡಿದು ಕೆಳಗೆ ನುಸುಳುತ್ತಾನೆ. ಗಾಡಿಯ ಸದ್ದು ಚೂರು ಬದಲಾದರೂ ಅವನಿಗೆ ನಿದ್ದೆಗಣ್ಣಲ್ಲೇ ತಿಳಿಯುತ್ತದೆ. ದೂರದ ಓಟಕ್ಕೆ ಇಂಥ ಕಿವಿಯೇ ಬೇಕು.

ಈ ಪಂದ್ಯಕ್ಕೆ ನಮ್ಮವರೂ ಹೋಗಿದ್ದಾರೆ. 2012ರಲ್ಲಿ ಚೆನ್ನೈಯ ಕರುಣ್ ಚಂದೋಕ್ ಲೆ ಮಾನ್‌ನಲ್ಲಿ ಓಡಿದ ಮೊದಲ ಭಾರತೀಯರಾದರು. ಅವರ ಕಾರು ಆರನೆಯದಾಗಿ ಬಂತು. 2019ರಲ್ಲಿ ನಮ್ಮ ಬೆಂಗಳೂರಿನ ಅರ್ಜುನ್ ಮೈನಿ ಅಲ್ಲಿ ಓಡಿದರು. ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ಬೆಂಗಳೂರಿನಲ್ಲಿ ಮಾಡಿದ ಚೇತನ್ ಮೈನಿಯವರ ಮನೆತನದ ಹುಡುಗ. ತಂದೆಯೂ ಪಂದ್ಯದ ಗಾಡಿ ಓಡಿಸಿದವರು. ಅಂಥ ಮನೆಯಲ್ಲಿ ಮಕ್ಕಳಿಗೆ ಗಾಡಿಯೆಂದರೆ ಆಟಿಕೆಯಷ್ಟೇ ಸಹಜ. ಎರಡು ಕೋಣೆಯ ಮನೆ, ನಾಲ್ಕೆಕರೆ ತೊಗರಿ ಹೊಲ ಇರುವ ನಮ್ಮ ಹುಡುಗಿಗೆ ಆ ದಾರಿ ಎಲ್ಲಿ ಸಿಗಬೇಕು? ಹಾಗೆಂದೇ ಹೇಳಿದೆ.

"ನಾ ಎಲ್ಲಿ ರೇಸಿಗೆ ಹೊಂಟೀನಿ? ನನಗ ಇಂಜಿನ್ ಬಿಚ್ಚೂದು ಕಲೀಬೇಕಾಗೇದ. ಈಕೀನ ನೋಡು" ಎಂದು ಇನ್ನೊಂದು ಚಿತ್ರ ತೆಗೆದಳು.

ಆಕೆ ಅಮೆರಿಕದ ಜ್ಯಾನೆಟ್ ಗಥ್ರೀ. 1938ರಲ್ಲಿ ಹುಟ್ಟಿದವಳು. 1960ರಲ್ಲಿ ಭೌತಶಾಸ್ತ್ರದ ಪದವಿ ಪಡೆದು ವಿಮಾನ ಕಂಪನಿಯೊಂದರಲ್ಲಿ ಇಂಜಿನಿಯರ್ ಆದಳು. ಹಳೆಯ ಜಾಗ್ವಾರ್ ಕಾರೊಂದನ್ನು ಕೊಂಡು ಪಂದ್ಯಗಳಿಗೆ ಹೋಗತೊಡಗಿದಳು. ಮೆಕ್ಯಾನಿಕ್ಕನ್ನು ಇಟ್ಟುಕೊಳ್ಳುವಷ್ಟು ದುಡ್ಡಿಲ್ಲ. ಹೀಗಾಗಿ ಇಂಜಿನ್ ಬಿಚ್ಚಿ, ತೊಳೆದು, ಮತ್ತೆ ಕೂಡಿಸುವ ಕೆಲಸವನ್ನೆಲ್ಲ ತಾನೇ ಮಾಡಿದಳು. ಪಂದ್ಯದ ಕಾರನ್ನು ಎಳೆದೊಯ್ಯುವ ಗಾಡಿಯಲ್ಲೇ ಮಲಗುತ್ತಿದ್ದಳು. ಸೀಬ್ರಿಂಗ್‌ನ 12 ತಾಸಿನ ಪಂದ್ಯದಲ್ಲಿ ಎರಡು ಸಲ ತನ್ನ ವರ್ಗದಲ್ಲಿ ಗೆದ್ದಳು.

ಆ ದೇಶದ ದೊಡ್ಡ ಪಂದ್ಯ ಇಂಡಿಯಾನಾಪೊಲಿಸ್‌ನ 500 ಮೈಲಿಯದು. ಗಾಡಿಗಳನ್ನು ರಿಪೇರಿ ಮಾಡುವ ಅಲ್ಲಿನ ಜಾಗದೊಳಗೆ 1970ರ ದಶಕದ ಆರಂಭದವರೆಗೂ ಹೆಂಗಸರು ಕಾಲಿಡುವಂತಿರಲಿಲ್ಲ. ನಮ್ಮಲ್ಲಷ್ಟೇ ಹೀಗೆಂದುಕೊಂಡಿದ್ದ ನನಗೆ ಸೋಜಿಗವಾಯಿತು. 1977ರಲ್ಲಿ ಗಥ್ರೀ ಅಲ್ಲಿ ಓಡಿದ ಮೊದಲ ಹೆಣ್ಣಾದಳು. ಆ ಸಲ ಗಾಡಿ ಕೆಟ್ಟಿತು. ಮರುವರ್ಷ ತಾನೇ ತಂಡ ಕಟ್ಟಿಕೊಂಡು ಬಂದಳು. ಪಂದ್ಯಕ್ಕೆ ಮುಂಚೆ ಮಣಿಕಟ್ಟಿನ ಎಲುಬು ಮುರಿದಿತ್ತು. ಯಾರಿಗೂ ಹೇಳದೆ ಓಡಿಸಿ 33 ಗಾಡಿಗಳಲ್ಲಿ ಒಂಬತ್ತನೆಯವಳಾದಳು. ನೋವು ನುಂಗಿಕೊಂಡು ಕೆಲಸ ಮುಗಿಸುವುದು ನಮಗೆಲ್ಲ ರೂಢಿಯೇ ಇದೆಯಲ್ಲ! ಅಷ್ಟಾದರೂ 1980ರ ನಂತರ ದುಡ್ಡು ಹಾಕುವವರು ಸಿಗದೆ ಆಕೆಯ ಓಟ ನಿಂತಿತು. ಆಕೆ ತೊಟ್ಟ ಪಂದ್ಯದ ಉಡುಪು ಈಗ ಅಮೆರಿಕದ ಸ್ಮಿತ್ಸೋನಿಯನ್ ಸಂಗ್ರಹಾಲಯದಲ್ಲಿದೆ.

ಬುದ್ಧಿ ಹೇಳಲು ಹೋದ ನಾನು ಮನೆಗೆ ಬಂದು ಬೇರೇನೋ ಯೋಚಿಸತೊಡಗಿದೆ. ಈಗ ನಮ್ಮೂರಲ್ಲಿ ಎಷ್ಟು ಜನ ಹೆಣ್ಣುಮಕ್ಕಳು ಸ್ಕೂಟಿ ನಡೆಸುತ್ತಾರೆ! ಶಾಲೆಗೆ, ಬ್ಯಾಂಕಿಗೆ, ಸಂತೆಗೆ. ಗಾಡಿ ಕೆಟ್ಟಿತೋ, ಗ್ಯಾರೇಜಿನ ಮುಂದೆ ಬಿಸಿಲಲ್ಲಿ ಸೆರಗು ಸರಿಮಾಡಿಕೊಳ್ಳುತ್ತ ನಿಂತಿರುತ್ತೇವೆ. ಕಳೆದ ಬೇಸಿಗೆಯಲ್ಲಿ ನನ್ನ ಗಾಡಿ ನಿಂತಾಗ ಮಿಸ್ತ್ರಿ ನನ್ನನ್ನು ಒಂದು ಮಾತೂ ಕೇಳಲಿಲ್ಲ. "ಸಾಹೇಬ್ರಿಗೆ ಫೋನ್ ಹಚ್ಚಿ ಕೊಡ್ರಿ" ಎಂದ. ದಿನಾ ಗಾಡಿ ನಡೆಸುವವಳು ನಾನು. ಅದರ ರೋಗ ಹೇಳಬೇಕಾದವರು ಮಾತ್ರ ಆಫೀಸಿನಲ್ಲಿ ಕೂತ ನಮ್ಮವರು! ಆ ಹೊತ್ತಿಗೆ ಅಲ್ಲೊಬ್ಬ ಹುಡುಗಿ ಪಾನಾ ಹಿಡಿದು ನಿಂತಿದ್ದರೆ ಎಷ್ಟು ನಿರಾಳವಾಗಿರುತ್ತಿತ್ತು ಎಂದು ನೀವೇ ಯೋಚಿಸಿ.

ಇದನ್ನೆಲ್ಲ ಅಣ್ಣನಿಗೆ ಹೇಳಿದೆ. ಅವನು ಕೇಳಿದ್ದು ಒಂದೇ: "ನಾಳೆ ಯಾರ ಮನಿಗೆ ಕೊಡೂದು ಇಕೀನ?" ಅವನ ಚಿಂತೆ ಸುಳ್ಳೆಂದು ನಾನು ಹೇಳಲಾರೆ. ವರನ ಕಡೆಯವರು ಹುಡುಗಿಯ ಉಗುರು ನೋಡುವ ಊರು ನಮ್ಮದು. ಆದರೆ ಎರಡು ವರ್ಷದ ಆ ಕಲಿಕೆ ಅವಳ ಕೈಯಲ್ಲಿ ಕಡೆತನಕ ಇರುತ್ತದೆ. ಕೊಟ್ಟ ಮನೆ ಹೇಗೇ ಇರಲಿ, ಬದುಕು ನಡುದಾರಿಯಲ್ಲಿ ಕೆಟ್ಟು ನಿಂತರೆ ಯಾರನ್ನೋ ಕಾಯುತ್ತ ಕೂರಬೇಕಾಗಿಲ್ಲ. ಇಷ್ಟು ಹೇಳಿ ಸುಮ್ಮನಾದೆ. ಅರ್ಜಿ ಕೊಡಲು ಇನ್ನೂ ಎಂಟು ದಿನವಿದೆ. ಅಣ್ಣ ಸಹಿ ಹಾಕಿಲ್ಲ, ಅರ್ಜಿಯನ್ನು ಹರಿದೂ ಹಾಕಿಲ್ಲ.

ನಿನ್ನೆ ವೈನಿ ನನ್ನನ್ನು ಅಡಿಗೆಮನೆಗೆ ಕರೆದು, ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಮೆಲ್ಲಗೆ ಕೇಳಿದಳು: "ಆ ಅಮೆರಿಕದಾಕಿ ಲಗ್ನ ಆಗಿದ್ಲೇನ್ರಿ?"

"ಆಗ್ಯಾಳ. ವಿಮಾನ ನಡಸಾಂವನ್ನ. ಐವತ್ತು ವರ್ಷ ದಾಟಿದ ಮ್ಯಾಲೆ."

ವೈನಿ ಹಿಟ್ಟಿನ ಕೈಯಲ್ಲೇ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. "ವಿಮಾನದ್ದು ಹೇಳ್ರಿ, ಐವತ್ತರದ್ದು ಮಾತ್ರ ನಿಮ್ಮಣ್ಣಗ ಹೇಳಬ್ಯಾಡ್ರಿ" ಎಂದಳು.