ಅಬ್ಬಾನ ಕುತ್ತಿಗೆ

ನನ್ನ ಅಬ್ಬಾ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ಹಮಾಲಿ. ಸೋಮವಾರ, ಗುರುವಾರ ಅವರು ಮನೆಗೆ ಬಂದರೆ ಆ ಘಾಟಿಗೆ ನಾವೆಲ್ಲ ಒಮ್ಮೆ ಸೀನುತ್ತೇವೆ. ಹೋದ ವರ್ಷ ಅವರ ಕುತ್ತಿಗೆಯಿಂದ ಎಡಗೈಗೆ ನೋವು ಇಳಿಯತೊಡಗಿತು. ಹೆಬ್ಬೆರಳು, ತೋರುಬೆರಳು ಜುಮ್ಮೆನ್ನುತ್ತಿದ್ದವು. ಒಂದು ದಿನ ಚಹಾದ ಲೋಟವೇ ಕೈಜಾರಿತು. ಯಾರದೋ ಮಾತು ಕೇಳಿ ಕಟಿಂಗ್ ಅಂಗಡಿಯಲ್ಲಿ ಕುತ್ತಿಗೆ ಲಟಕ್ ಅನ್ನಿಸಿಕೊಂಡು ಬಂದರು. ನೋವು ದುಪ್ಪಟ್ಟಾಯಿತು. ದಯವಿಟ್ಟು ಯಾರೂ ಹಾಗೆ ಮಾಡಿಸಿಕೊಳ್ಳಬೇಡಿ.

ಹಾವೇರಿಯಲ್ಲಿ ಗುಳಿಗೆ, ರಾಣೆಬೆನ್ನೂರಿನಲ್ಲಿ ಫಿಜಿಯೋಥೆರಪಿ, ಹೀಗೆ ಎರಡು ತಿಂಗಳು. ಬಹಳ ಜನರಿಗೆ ಇಷ್ಟರಲ್ಲೇ ವಾಸಿಯಾಗುತ್ತದೆ. ಅಬ್ಬಾಗೆ ಆಗಲಿಲ್ಲ. ಎಂಆರ್‌ಐಯಲ್ಲಿ ಐದು ಮತ್ತು ಆರನೇ ಮೂಳೆಗಳ ನಡುವಿನ ಡಿಸ್ಕ್ ಹೊರಚಾಚಿ ನರವನ್ನು ಒತ್ತಿದ್ದು ಕಂಡಿತು. ಕುತ್ತಿಗೆಯಲ್ಲಿ ಏಳು ಮೂಳೆ, ಜಿರಾಫೆಗೂ ಏಳೇ ಎಂದು ಪ್ರಥಮ ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೆ. ಅದು ಅಬ್ಬಾನ ಕುತ್ತಿಗೆಯ ಮಾತು ಎಂದು ಆಗ ಹೊಳೆದಿರಲಿಲ್ಲ.

ಹುಬ್ಬಳ್ಳಿಯ ಡಾಕ್ಟರು ಎರಡು ದಾರಿ ಹೇಳಿದರು. ಕೆಟ್ಟ ಡಿಸ್ಕ್ ತೆಗೆದು ಎರಡೂ ಮೂಳೆಗಳನ್ನು ಬೆಸೆಯುವುದು ಹಳೆಯದು, ನಂಬಿಕೆಯದು. ಇನ್ನೊಂದು ಕೃತಕ ಡಿಸ್ಕ್: ಎರಡು ಲೋಹದ ತಟ್ಟೆ, ನಡುವೆ ಜಾರುವ ಪ್ಲಾಸ್ಟಿಕ್. ಅಮೆರಿಕದಲ್ಲಿ ಕುತ್ತಿಗೆಯ ಇಂಥ ಡಿಸ್ಕ್‌ಗೆ ಮೊದಲ ಒಪ್ಪಿಗೆ ಸಿಕ್ಕಿದ್ದು 2007ರಲ್ಲಿ. ಎಲುಬು ಸವೆದವರಿಗೆ, ಹಿಂದಿನ ಸಣ್ಣ ಕೀಲುಗಳು ಹಾಳಾದವರಿಗೆ ಇದು ಆಗಿಬರದು.

ಅಬ್ಬಾ ಕೇಳಿದ್ದು ಒಂದೇ ಪ್ರಶ್ನೆ: “ನಮಾಜಿನ್ಯಾಗ ಸಲಾಂ ಹೇಳೂ ಮುಂದ ಕುತ್ತಿಗಿ ತಿರಗತೈತೇನ್ರಿ?”

ಡಾಕ್ಟರು ನಗಲಿಲ್ಲ. ತಲೆ ತಿರುಗುವುದರಲ್ಲಿ ಸುಮಾರು ಅರ್ಧ ನಡೆಯುವುದು ಎಲ್ಲಕ್ಕಿಂತ ಮೇಲಿನ ಎರಡು ಮೂಳೆಗಳ ನಡುವೆ, ಅಲ್ಲಿ ಡಿಸ್ಕೇ ಇಲ್ಲ, ಬೆಸೆದರೂ ಸಲಾಂಗೆ ತೊಂದರೆಯಿಲ್ಲ ಎಂದರು. ಆದರೆ ಬೆಸೆದ ಜಾಗದ ಚಲನೆಯ ಭಾರ ಅಕ್ಕಪಕ್ಕದ ಡಿಸ್ಕ್‌ಗಳ ಮೇಲೆ ಬೀಳಬಹುದು. ಅಬ್ಬಾಗೆ ನಲವತ್ನಾಲ್ಕು ವರ್ಷ. ಅಮ್ಮಿ ಬಳೆ ತೆಗೆದು ಕೊಟ್ಟರು; ಕೃತಕ ಡಿಸ್ಕ್ ಎಂದು ತೀರ್ಮಾನವಾಯಿತು.

ಕುತ್ತಿಗೆಯ ಮುಂಭಾಗದಲ್ಲಿ ಕೊಯ್ಯುತ್ತಾರೆಂದು ತಿಳಿದಾಗ ನನ್ನ ಕೈ ತಣ್ಣಗಾಗಿತ್ತು. ಎಚ್ಚರವಾದ ಮೇಲೆ ಅಬ್ಬಾನ ದನಿ ಗೊಗ್ಗರಾಗಿತ್ತು, ಗಂಜಿ ನುಂಗಲೂ ಕಷ್ಟ. ಕೆಲವು ದಿನಗಳಲ್ಲಿ ಎರಡೂ ಸರಿಹೋದವು. ಕೈನೋವು ಮಾತ್ರ ಅಂದೇ ಹೋಗಿತ್ತು. ಹೆಬ್ಬೆರಳಿನ ತುದಿ ಈಗಲೂ ಸ್ವಲ್ಪ ಮರಗಟ್ಟಿದೆ.

ಚೀಲ ಹೊರುವುದು ಬಂದ್. ಅದನ್ನು ಅಬ್ಬಾ ಇನ್ನೂ ಒಪ್ಪಿಕೊಂಡಿಲ್ಲ. ಈಗ ಚೀಲದ ಬಾಯಿ ಹೊಲಿಯುತ್ತಾರೆ, ಕೂಲಿ ಕಡಿಮೆ. ಮೊನ್ನೆ ಮಗ್ರಿಬ್ ಹೊತ್ತಿಗೆ ಮನೆಯಲ್ಲೇ ನಮಾಜಿಗೆ ನಿಂತರು. ನಾನು ಪುಸ್ತಕ ಹಿಡಿದು ಓದುವವಳಂತೆ ಕೂತು ನೋಡುತ್ತಿದ್ದೆ. ಮೊದಲು ಬಲಕ್ಕೆ, ಆಮೇಲೆ ನಿಧಾನವಾಗಿ ಎಡಕ್ಕೆ.